ಬೆಂಡಾದ ಹೆಡ್ಡು, ಅತ್ತೆಯ ಕನ್ನಡಿ

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ತಪ್ಪು ಮಾಡಿದವರಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು! ಮನೆಯಲ್ಲಿ ತಪ್ಪು ಮಾಡುತ್ತಿದ್ದುದು ಮೂರೇ: ಅವರ ಕಾರು, ಬೆಂಗಳೂರಿನ ಹವೆ, ಮತ್ತೆ ನಮ್ಮತ್ತೆ.

ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮಾವ ಇನ್‌ಸ್ಪೆಕ್ಟರು. ಬೇರೆಯವರು ಮಾಡಿದ್ದನ್ನು ಅಳೆದು 'ಸರಿಯಿಲ್ಲ' ಎನ್ನುವುದಕ್ಕೇ ಸಂಬಳ. ಅದೇ ಸೇವೆಯನ್ನು ಮನೆಯಲ್ಲಿ ಪುಕ್ಕಟೆ ಸಲ್ಲಿಸುತ್ತಿದ್ದರು. ಅತ್ತೆಯ ಚಪಾತಿಯನ್ನು ಬೆಳಕಿಗೆ ಹಿಡಿದು, "ಈ ಕಡೆ ಸ್ವಲ್ಪ ದಪ್ಪ ಕಣೇ" ಎನ್ನುವರು. "ಹಾಗಾದ್ರೆ ಆ ಕಡೆಯಿಂದ ತಿನ್ರೀ" ಎನ್ನುವರು ಅತ್ತೆ. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಯಶವಂತಪುರದ ಆ ಮನೆಯಲ್ಲೇ ಇದ್ದೆವು. ಹಾಗಾಗಿ ಈ ಮನರಂಜನೆ ನಮಗೆ ಮೂರು ಹೊತ್ತೂ ಇತ್ತು.

ಇನ್ನು ಆ ಕಾರು! ಊರು ಬಿಟ್ಟುಹೋದ ಯಾವನೋ ಇಂಗ್ಲಿಷ್ ದೊರೆ ಮಾವನ ಕೊರಳಿಗೆ ಕಟ್ಟಿಹೋದದ್ದು. ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷವಾದರೂ ಆ ಕಾರಿನಿಂದ ನಮಗೆ ಬಿಡುಗಡೆಯಿರಲಿಲ್ಲ.

ಒಮ್ಮೆ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಯಲಹಂಕಕ್ಕೆ ಹೊರಟಿದ್ದೆವು. ಹೆಬ್ಬಾಳದ ಏರಿನಲ್ಲಿ ಬಾನೆಟ್ಟಿನಿಂದ ಬುಸಬುಸ ಶುರುವಾಯಿತು.

"ಮಾವ, ಹೊಗೆ ಬರ್ತಿದೆ!"

"ಹೊಗೆಯಲ್ಲ ಪುಟ್ಟಿ, ಹಬೆ. ವ್ಯತ್ಯಾಸ ತಿಳ್ಕೋ."

ಆ ವ್ಯತ್ಯಾಸವನ್ನು ವಿವರವಾಗಿ ತಿಳಿಸುತ್ತಲೇ ಇನ್ನೂ ಒಂದು ಮೈಲಿ ಓಡಿಸಿದರು. ಕಾರಿಗೆ ಕೇಳಿ ಸಾಕಾಗಿ ನಿಂತಿತು. ಮಾವ ಕೆರೆಯಿಂದ ನೀರು ತಂದರು.

"ಆರ್ಲಿ ರೀ. ಕಾದ ಬಾಣಲೆಗೆ ಯಾರಾದ್ರೂ ತಣ್ಣೀರು ಹಾಕ್ತಾರಾ?"

"ಇದು ಎಂಜಿನ್ನು! ನಿನ್ನ ಬಾಣಲೆ ಅಲ್ಲ" ಎಂದು ಮಾವ ಸುರಿದೇಬಿಟ್ಟರು. ಒಳಗೇನೋ 'ಟಣ್' ಎಂದಿತು. ನಿಶ್ಚಿತಾರ್ಥ ನಾವಿಲ್ಲದೆಯೇ ನಡೆಯಿತು. ಕಾರನ್ನು ಎತ್ತಿನ ಗಾಡಿಗೆ ಕಟ್ಟಿ ನಮ್ಮನ್ನು ಮನೆಗೆ ಎಳೆತಂದ ರೈತ ಬಹಳ ಕಾಳಜಿಯಿಂದ ಕೇಳಿದ: "ಯಾಕ್ ಸ್ವಾಮಿ, ಬೆಳಿಗ್ಗೆ ಇದುಕ್ಕೆ ಉಲ್ಲು ಆಕಿರ್ನಿಲ್ವಾ?"

ಮರುದಿನ ಮೆಕ್ಯಾನಿಕ್ ಬಂದು ಎಣ್ಣೆ ಇಳಿಸಿದ. ಹಾಲು ಹೆಚ್ಚಾದ ಕಾಫಿಯ ಬಣ್ಣ! "ಹೆಡ್ಡು ಬೆಂಡಾಗಿದೆ" ಎಂದ.

"ಯಾರದಪ್ಪಾ?" ಎಂದರು ಅತ್ತೆ, ಮಾವನನ್ನೇ ನೋಡುತ್ತ.

ಎಂಜಿನ್ ಮೇಲಿನ ಭಾರದ ಮುಚ್ಚಳವೇ ಹೆಡ್ಡು. ಅದು ಕಾದು ಸೊಟ್ಟಗಾಗಿ, ಆ ಸಂದಿಯಿಂದ ನೀರು ಎಣ್ಣೆಗೆ ಇಳಿದಿತ್ತು. ಮೆಷಿನ್ನಿಗೆ ಕೊಟ್ಟು ಸಮ ಮಾಡಿಸೋಣವೆಂದ ಮೆಕ್ಯಾನಿಕ್. ಮಾವ ಒಪ್ಪಿಯಾರೇ? "ಅವರು ಕೆತ್ತಿ ಹಾಳು ಮಾಡ್ತಾರೆ. ನಾನೇ ಉಜ್ಜಿ ಸಮ ಮಾಡ್ತೀನಿ!"

ಉಜ್ಜಲು ಲವಲೇಶವೂ ಏರುಪೇರಿಲ್ಲದ ಹಾಸು ಬೇಕು. ನಮ್ಮ ಮನೆಯಲ್ಲಿ ಅಂಥದ್ದು ಒಂದೇ ಇತ್ತು: ಅತ್ತೆ ತವರಿನಿಂದ ತಂದ ಬೀರುವಿನ ನಿಲುವುಗನ್ನಡಿ. ಅತ್ತೆ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಕನ್ನಡಿ ವರಾಂಡದಲ್ಲಿ ಅಂಗಾತ ಮಲಗಿತ್ತು! ಅದರ ಮೇಲೆ ಬಟ್ಟೆಗೆ ಹಾಕುವ ನೀಲಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬಳಿದು ಹೆಡ್ಡನ್ನು ಇಟ್ಟೆತ್ತುವುದು. ಉಬ್ಬಿದ ಕಡೆಗೆ ಮಾತ್ರ ನೀಲಿ ಹತ್ತುತ್ತದೆ. ಆಮೇಲೆ ಮರಳುಮರಳಾದ ಮಸಿಯಂಥ ಪೇಸ್ಟ್ ಹಚ್ಚಿ ಉಜ್ಜುವುದು. ಮತ್ತೆ ನೀಲಿ, ಮತ್ತೆ ಉಜ್ಜು. ವಾರದೊಳಗೆ ಮಾವ ಮೊಣಕೈವರೆಗೆ ಸಾಕ್ಷಾತ್ ಶ್ರೀಕೃಷ್ಣ.

ಅತ್ತೆ ಜಗಳವಾಡಲಿಲ್ಲ. ಪ್ರತಿದಿನ ಅಂಗಳದ ಕಾರಿನಲ್ಲಿ ಕೂತು, ಅದರ ಅಂಗೈಯಗಲದ ಕನ್ನಡಿಯಲ್ಲಿ ತಲೆ ಬಾಚತೊಡಗಿದರು. ಬೀದಿಯವರು ಕೇಳಿದರೆ, "ಇವತ್ತಿಗೆ ಈ ಕಾರಿಂದ ಇರೋ ಉಪಯೋಗ ಇದೊಂದೇ ಕಣ್ರೀ" ಎನ್ನುವರು.

ಅಷ್ಟರಲ್ಲಿ ಯಲಹಂಕದ ಹೆಣ್ಣುಮಕ್ಕಳ ಶಾಲೆಯಿಂದ, ಆಗಷ್ಟೇ ಓದು ಮುಗಿಸಿದ್ದ ನನಗೆ ಟೀಚರ್ ಕೆಲಸದ ಸಂದರ್ಶನಕ್ಕೆ ಕಾಗದ ಬಂತು.

"ಬಸ್ಸಲ್ಲಿ ಹೋಗ್ಬರ್ತೀನಿ ಮಾವ."

"ಸೀರೆ ಮುದುರ್ಕೊಂಡು ಹೋಗಿ ಅವರೆದುರು ನಿಂತ್ಕೋತೀಯಾ? ಕಾರಲ್ಲಿ ಇಳೀಬೇಕು ನೀನು!"

ಹೆಡ್ಡು ಅಷ್ಟರೊಳಗೆ ಸಮವಾಗದಿರಲಪ್ಪಾ ಎಂದು ನಾನು ದೇವರಿಗೆ ಕೈಮುಗಿದೆ. ಎಂದೂ ರಜೆ ಹಾಕದ ಮಾವ ಮೂರು ದಿನ ರಜೆ ಹಾಕಿ ಉಜ್ಜಿದರು. ಕೈಯೆಲ್ಲ ಬೊಬ್ಬೆ. ಕೊನೆಗೆ ಹೆಡ್ಡಿನ ತುಂಬ ಒಂದೇ ಸಮ ನೀಲಿ ಹತ್ತಿತು. ಸಂದರ್ಶನದ ದಿನ ಕಾರು ಕೆಮ್ಮಿತು, ಸೀನಿತು, ಹೊರಟೇಬಿಟ್ಟಿತು! ಹೊಗೆಯೂ ಇಲ್ಲ, ಹಬೆಯೂ ಇಲ್ಲ.

ನನ್ನನ್ನು ಕರೆದದ್ದು ಎಲ್ಲರಿಗಿಂತ ಕೊನೆಗೆ. ಹೊರಬಂದಾಗ ಮಧ್ಯಾಹ್ನ ಕಳೆದಿತ್ತು. ಗೇಟಿನಾಚೆ ಕಾರು ಇನ್ನೂ ಗುಡುಗುಡು ಎನ್ನುತ್ತಿತ್ತು. ಮಾವ ಬಿಸಿಲಿನಲ್ಲಿ ನಿಂತು, ಬಾನೆಟ್ ತೆರೆದು, ಮಡಿಸಿದ ಪೇಪರಿನಿಂದ ರೇಡಿಯೇಟರಿಗೆ ಗಾಳಿ ಬೀಸುತ್ತಿದ್ದರು. ಅಂಗಿ ಬೆನ್ನಿಗಂಟಿತ್ತು.

"ಬೆಳಿಗ್ಗೆಯಿಂದ ಎಂಜಿನ್ ನಿಲ್ಲಿಸೇ ಇಲ್ವಾ ಮಾವ?"

"ನಿಲ್ಲಿಸಿದ್ಮೇಲೆ ಮತ್ತೆ ಸ್ಟಾರ್ಟ್ ಆಗದಿದ್ರೆ?" ಎಂದರು, ನನ್ನ ಮುಖ ನೋಡದೆ. "ಕೆಲಸ ಸಿಗಲಿಲ್ಲ ಅಂತ ನೀನು ಕಣ್ಣಲ್ಲಿ ನೀರು ಹಾಕ್ಕೊಂಡು ಬಂದ್ರೆ, ಇಷ್ಟು ಜನರ ಮುಂದೆ ನಿನ್ನ ನಿಲ್ಲಿಸ್ಕೊಳ್ಳೋಕಾಗುತ್ತಾ? ತಕ್ಷಣ ಕರ್ಕೊಂಡು ಹೋಗ್ಬಿಡ್ಬೇಕಲ್ವಾ?"

"ಸಿಕ್ತು ಮಾವ" ಎಂದೆ. ಅಷ್ಟು ಹೇಳುವುದರೊಳಗೆ ನನ್ನ ಕಣ್ಣು ತುಂಬಿತ್ತು.

"ಎಷ್ಟು ಬೆವರಿದ್ದೀಯ ನೋಡು" ಎಂದು ಮಾವ, ಪೇಪರನ್ನು ನನ್ನ ಕಡೆ ತಿರುಗಿಸಿ ಮೆಲ್ಲಗೆ ಬೀಸತೊಡಗಿದರು.