ಬಚ್ಚಲುಮನೆಯಲ್ಲಿ ಪ್ರಾಸಯಜ್ಞ

ನಮ್ಮ ಮಗಳಿಗೆ ನಾಲ್ಕು ವರ್ಷ. ಕರೆಯುವುದು ಚಿನಕುರಳಿ ಎಂದು. ಅಮ್ಮನ ಜೊತೆ ಅರಳು ಹುರಿದ ಹಾಗೆ ಮಾತು. ನನ್ನ ಹತ್ತಿರ ಮಾತ್ರ "ಅದು", "ಇದು", ಅಷ್ಟೇ. (ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ?)

"ನೀವು ಮಗು ಹತ್ರ ಮಾತಾಡೋದೂ ಲಿಫ್ಟ್ ರಿಪೇರಿ ಥರಾನೇ. ಒಂದು ಬಟನ್ ಒತ್ತಿ ಬಾಗಿಲು ತೆಗೆಯುತ್ತೇನೋ ಅಂತ ಕಾಯ್ತೀರ. ಪ್ರಾಸದ ಆಟ ಆಡಿಸ್ರೀ!" ಎಂದಳು ಹೆಂಡತಿ.

ಲಿಫ್ಟ್ ರಿಪೇರಿ ನನ್ನ ಕಸುಬು. ಕತ್ತಲ ಗುಂಡಿಗೆ ಒಬ್ಬನೇ ಇಳಿಯುವ ಗಂಡಸಿಗೆ ಪ್ರಾಸ ಯಾವ ಲೆಕ್ಕ? ಆ ಸಂಜೆಯೇ ಮಗಳಿಗೆ ಸೋಪು ಹಚ್ಚುತ್ತಾ ಪ್ರಾಸಯಜ್ಞ ಆರಂಭಿಸಿದೆ. ನಾನೊಂದು ಪದ ಹೇಳುವುದು, ಅವಳು ಅದಕ್ಕೊಂದು ಜೋಡಿ ಹೇಳುವುದು.

"ಮೂಗು!" ಎಂದೆ, ಎಳೆ ದನಿ ಮಾಡಿ.

ಮಗಳು ಸೋಪಿನ ನೊರೆ ಊದುತ್ತಿದ್ದಳು.

"ಕೂಗು..." ಎಂದಿತು ಗೋಡೆ.

ಕೈಯಲ್ಲಿದ್ದ ಸೋಪು ಜಾರಿತು. ಹೆಂಡತಿ ತರಕಾರಿಗೆ ಹೋಗಿದ್ದಳು. ಈ ಮನೆಗೆ ಬಂದು ವಾರವಾಗಿತ್ತಷ್ಟೆ. ಬಾಡಿಗೆ ಇಷ್ಟು ಕಡಿಮೆ ಯಾಕೆಂದು ಆಗ ಹೊಳೆಯಿತು. ನಲ್ಲಿ ನಿಲ್ಲಿಸಿ, ಧೈರ್ಯ ಮಾಡಿ "ಬೆನ್ನು" ಎಂದೆ.

"ತಿನ್ನು..."

ಒಣಗಿದ, ಉಸಿರೇ ಇಲ್ಲದ ದನಿ. "ತಲೆ" ಎನ್ನಬಾರದಿತ್ತು. ಅಂದುಬಿಟ್ಟೆ.

"ಕೊಲೆ!"

ಮಗಳು ಕಿಲಕಿಲ ನಕ್ಕಳು. ಗೋಡೆಯತ್ತ ತಿರುಗಿ, "ಎಲೆ! ಬಲೆ! ಬೆಲೆ!" ಎಂದು ಗಂಟೆ ಹೊಡೆದಂತೆ ಹೇಳಿದಳು.

"ಭೇಷ್," ಎಂದಿತು ಗೋಡೆ.

ದೆವ್ವದ ಜೊತೆ ಇಷ್ಟು ಸಲೀಸು, ಅಪ್ಪನ ಜೊತೆ ಇಲ್ಲ! ನನಗೆ ನಿಜವಾಗಿಯೂ ಅಳು ಬಂತು. (ಭಯವೂ ಸೇರಿತ್ತೆನ್ನಿ.) ಮಗಳನ್ನು ಟವೆಲಿನಲ್ಲಿ ಸುತ್ತಿ ಹೊರಗೋಡಿ, ಬಚ್ಚಲಿನ ಚಿಲಕ ಹಾಕಿ, ಅದಕ್ಕೆ ಕುರ್ಚಿ ಒತ್ತಿ, ಕುರ್ಚಿಯ ಮೇಲೆ ನಾನೇ ಕೂತೆ.

ಸ್ವಲ್ಪ ಹೊತ್ತಿಗೆ ಹೆಂಡತಿ ಬಂದಳು. ಹಿಂದೆಯೇ ಒಬ್ಬ ಅಜ್ಜಿ. "ಇವರು ಮೇಲಿನ ಮನೆಯವರು. ಕೋರ್ಟಲ್ಲಿ ಟೈಪಿಸ್ಟ್ ಆಗಿದ್ರಂತೆ," ಎಂದಳು.

"ಗಾಳಿಕಿಂಡೀಲಿ ನಿಮ್ಮನೆ ಪಾಠ ಎಲ್ಲಾ ಕೇಳ್ಸುತ್ತಮ್ಮ," ಎಂದರು ಅಜ್ಜಿ, ಅದೇ ಒಣ ದನಿಯಲ್ಲಿ. "ಮನಸ್ಸು ತಡೀಲಿಲ್ಲ, ನಾನೂ ಹೇಳಿಕೊಟ್ಟೆ. ಚಿಕ್ಕವಳು ಭಾರಿ ಚುರುಕು. ದೊಡ್ಡ ಹುಡುಗನಿಗೇ ಪಾಪ, ಒಂದು ಪ್ರಾಸಾನೂ ಹತ್ತಲ್ಲ. ದನಿ ಒಡೆಯೋ ವಯಸ್ಸು ಬೇರೆ. ಹೊಡೀಬೇಡಮ್ಮ, ನಿಧಾನಕ್ಕೆ ಕಲೀತಾನೆ. ಎಲ್ಲಿ ಅವನು?"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕುರ್ಚಿಯ ಕಡೆ ತೋರಿಸಿದಳು.

ಆಗ ಮಗಳು ನನ್ನ ತೊಡೆ ಹತ್ತಿ, ಒದ್ದೆ ಕೈಯಿಂದ ನನ್ನ ಕೆನ್ನೆ ಒರೆಸಿ, ನನಗೆಂದೇ ಮೊಟ್ಟಮೊದಲ ಪೂರ್ತಿ ಮಾತು ಆಡಿದಳು:

"ಅಳಬೇಡ ಅಪ್ಪ, ನಾಳೆಯಿಂದ ನಾನೇ ನಿಂಗೆ ಹೇಳ್ಕೊಡ್ತೀನಿ."