ನಲವತ್ತೆಂಟು ಕಿಲೋದ ಹಠ

ನಮ್ಮ ಮೊಮ್ಮಗಳಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ; ತಿರುಪ್ಪೂರೇ ಹೇಳುತ್ತದೆ! ಏಪ್ರಿಲ್ ಬಿಸಿಲಿಗೆ ನಾಯಿಗಳೂ ಚರಂಡಿಯಲ್ಲಿ ಮಲಗಿರುವಾಗ, ಎರಡು ಸ್ವೆಟರ್ ಹಾಕಿ, ಮೇಲೊಂದು ಮಳೆಕೋಟು ತೊಟ್ಟು, ತಾರಸಿಯ ಮೇಲೆ ಹಗ್ಗ ಹಾರುವವಳನ್ನು ನೀವಾದರೂ ಏನೆನ್ನುತ್ತೀರಿ?

ಕಾರಣ ಬಾಕ್ಸಿಂಗ್. ನಮ್ಮ ವಂಶದಲ್ಲಿ ಕೈ ಆಡಿಸಿದವರು ಬೇಕಾದಷ್ಟು ಜನ, ಆದರೆ ಮಗ್ಗದಲ್ಲಿ. ಇವಳು ಕಾಲೇಜಿಗೆ ಸೇರಿ ಮುಷ್ಟಿ ಆಡಿಸಲು ಕಲಿತಳು. ಕೊಯಮತ್ತೂರಿನ ಆಯ್ಕೆ ಪಂದ್ಯದಲ್ಲಿ ನಲವತ್ತೆಂಟು ಕಿಲೋ ಗುಂಪಿನಲ್ಲಿ ಗೆದ್ದರೆ ರಾಜ್ಯದ ತಂಡಕ್ಕೆ ಸೇರಬಹುದಂತೆ. ಇವಳ ತೂಕ ಐವತ್ತು. ಉಳಿದಿದ್ದದ್ದು ನಾಲ್ಕೇ ದಿನ.

"ಐವತ್ತರವರ ಜೊತೆಯೇ ಆಡಿದರೆ ಏನು?" ಎಂದೆ.

"ಅವರೆಲ್ಲ ಉದ್ದ ಅಜ್ಜೀ. ಅವರ ಕೈ ನನ್ನ ಮೂಗಿಗೆ ಬರುತ್ತೆ, ನನ್ನ ಕೈ ಅವರ ಹೊಟ್ಟೆಗೂ ಹೋಗಲ್ಲ. ಬೆವರು ಇಳಿಸಿದರೆ ಆಯ್ತು ಬಿಡು."

ಅಂದಿನಿಂದ ಮನೆಯಲ್ಲಿ ಫ್ಯಾನ್ ಬಂದ್. ಸಾಲದ್ದಕ್ಕೆ ಹುಣಸೆಹಣ್ಣು ಚೀಪಿ ಚೀಪಿ ಲೋಟಕ್ಕೆ ಉಗುಳುವುದು. ಉಗುಳಿಗೂ ತೂಕವಿದೆಯಂತೆ! ಆ ಲೋಟವನ್ನು ಬೀದಿಗೆ ಎಸೆದೆ.

"ಲೋಟ ಯಾಕೆ ಅಜ್ಜೀ ಎಸೆದೆ?"

"ಮನೆಯ ತೂಕ ಇಳಿಸಿದೆ."

ನನ್ನ ಮಗ, ಅಂದರೆ ಇವಳ ಅಪ್ಪ, ಬನಿಯನ್ ಕಂಪನಿಯಲ್ಲಿ ಇಸ್ತ್ರಿ ಮಾಸ್ಟರ್. ಅಲ್ಲಿ ಉಗಿ ಇಸ್ತ್ರಿಯ ಮೇಜುಗಳ ನಡುವೆ ಹೋಗಿ ಸ್ವೆಟರಿನಲ್ಲಿ ನಿಂತಳು.

"ಏನ್ ಅಮ್ಮಣಿ, ಚಳಿಜ್ವರವಾ?" ಎಂದು ಪಕ್ಕದ ಮೇಜಿನವನು ಕೇಳಿದ.

"ಇಲ್ಲಣ್ಣ, ಇಲ್ಲಿ ನಿಂತರೆ ತೂಕ ಇಳಿಯುತ್ತೆ."

"ಇಪ್ಪತ್ತು ವರ್ಷದಿಂದ ಇಲ್ಲೇ ನಿಂತಿದ್ದೀನಿ. ನನ್ನ ಹೊಟ್ಟೆ ನೋಡು ತಾಯಿ!"

ಆದರೂ ಇಳಿಯಿತು. ಮೂರನೆಯ ದಿನ ನೂಲಂಗಡಿಯ ತಕ್ಕಡಿ ಹತ್ತಿದಳು. ಅಂಗಡಿಯವರು "ಸರಿಯಾಗಿ ನಲವತ್ತೆಂಟು" ಎಂದದ್ದೇ ತಡ, ಕುಣಿದು ಬಂದು ಎರಡು ಲೋಟ ಕಾಫಿ ಕುಡಿದಳು. ಸಂಜೆ ಅವರೇ ಓಡಿ ಬಂದರು. "ತಪ್ಪಾಯ್ತಮ್ಮಾ, ಅಭ್ಯಾಸ! ಗೋಣಿಚೀಲದ ಲೆಕ್ಕ ಅರ್ಧ ಕಿಲೋ ಕಳೆದು ಹೇಳಿಬಿಟ್ಟೆ."

ಯಾವ ಗೋಣಿಚೀಲ? ಅವಳು ತೊಟ್ಟಿದ್ದದ್ದು ಚೂಡಿದಾರ್!

ಮರುದಿನ ಆ ಅರ್ಧ ಕಿಲೋ, ಕಾಫಿಯದು ಬೇರೆ, ಎರಡನ್ನೂ ಇಳಿಸಲು ಹನಿ ನೀರು ಕುಡಿಯದೆ ಮತ್ತೆ ಉಗಿಯಲ್ಲಿ ನಿಂತಳು. ಸಂಜೆ ಬಂದು ಕಂಬಳಿ ಹೊದ್ದು ಮಲಗಿದಳು. ಬೆಳಗಾದರೆ ತೂಕ, ಆಮೇಲೆ ಪಂದ್ಯ. ಕಂಬಳಿ ಎತ್ತಿ ಕೈಯಿಟ್ಟೆ. ಮೈ ಸುಡುತ್ತಿತ್ತು, ಬೆವರೇ ಇಲ್ಲ. ಎದ್ದವಳು ತಲೆ ತಿರುಗಿ ಗೋಡೆ ಹಿಡಿದಳು, ಮತ್ತೆ ಕಂಬಳಿಯೊಳಗೆ ಮುದುಡಿದಳು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ನೂಲು ಗೊತ್ತು. ಒದ್ದೆ ನೂಲನ್ನು ಬಿಸಿಲಿಗೆ ಹಾಕಿದರೆ ತೂಕ ಇಳಿಯುತ್ತದೆ. ಇಳಿದದ್ದು ನೀರು, ನೂಲಲ್ಲ. ತೀರಾ ಒಣಗಿಸಿ ಮಗ್ಗಕ್ಕೇರಿಸಿದರೆ ಪಟಪಟ ಕಡಿದುಹೋಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಮಗ್ಗದ ಕೆಳಗೆ ನೀರು ಚಿಮುಕಿಸುತ್ತೇವೆ. ಈ ಹುಡುಗಿ ನಾಳೆ ಹೊಡೆತ ತಿನ್ನಬೇಕಾದವಳು!

"ಎದ್ದು ಮೋರು ಕುಡಿ," ಎಂದು ಉಪ್ಪು ಹಾಕಿದ ಮಜ್ಜಿಗೆ ಹಿಡಿದೆ.

"ಒಂದು ಲೋಟ ಅಂದ್ರೆ ಕಾಲು ಕಿಲೋ ಅಜ್ಜೀ!"

"ಕಾಲು ಕಿಲೋನೋ ಕಾಲು ಟನ್ನೋ, ಕುಡಿ."

"ಎರಡು ವರ್ಷದ ಕಷ್ಟ ಹಾಳು ಮಾಡ್ತೀಯಾ?"

"ಮಾಡ್ತೀನಿ."

ಮುಖ ಸೊಟ್ಟ ಮಾಡಿಕೊಂಡು ಅತ್ತಳು. ಕಣ್ಣಲ್ಲಿ ಒಂದು ಹನಿಯೂ ಇಲ್ಲ. ಅಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಒಣ ಅಳು ನೋಡಿದ್ದು ಅದೇ ಮೊದಲು. ಕಂಬಳಿ ಕಿತ್ತೆಸೆದು, ಒದ್ದೆ ಟವಲಿನಲ್ಲಿ ಮೈ ಒರೆಸಿ, ಗುಟುಕು ಗುಟುಕಾಗಿ ಕುಡಿಸಿದೆ. ಮಗ ಎಸ್‌ಟಿಡಿ ಬೂತಿಗೆ ಓಡಿ ಅವಳ ಕೋಚಿಗೆ ಫೋನ್ ಮಾಡಿದ. ಐವತ್ತರ ಗುಂಪಿನಲ್ಲಿ ಜಾಗ ಖಾಲಿ ಇತ್ತು.

ಮರುದಿನ ಅಲ್ಲೇ ಆಡಿದಳು, ಸೋತಳು. ತುಟಿ ಬದನೆಕಾಯಿ ಹಾಗೆ ಊದಿತ್ತು. ಅಜ್ಜಿಯಿಂದಲೇ ಸೋತಳು ಎಂದು ಬೀದಿಯವರೆಲ್ಲ ಅಂದರು. ನಿಜವೇ, ನನ್ನಿಂದಲೇ.

ಆದರೆ ಪಂದ್ಯದ ಹಿಂದಿನ ಸಂಜೆ, ಮಜ್ಜಿಗೆಯ ನಾಲ್ಕನೆಯ ಲೋಟ ಖಾಲಿ ಮಾಡಿ, "ನೀನು ನನ್ನ ಶತ್ರು" ಎಂದು ನನ್ನನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದಾಗ, ಅವಳ ಕಣ್ಣಿಂದ ಎರಡು ಹನಿ ನೀರು ಕೆನ್ನೆಗೆ ಇಳಿಯಿತು.

"ಬಯ್ಯಿ ನನ್ನ ಕಣ್ಣೇ, ಇನ್ನೂ ಬಯ್ಯಿ," ಎಂದು, ಅದನ್ನು ಒರೆಸದೆ ನೋಡುತ್ತಾ ಕುಳಿತೆ.