ಏರು ಬಂತು, ಇಳೀರಿ

ತನಗೆ ಬಾರದ್ದನ್ನೆಲ್ಲ ತತ್ವ ಮಾಡಿಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹುಣಸೂರು ತಾಲ್ಲೂಕಿನಲ್ಲಂತೂ ಇಲ್ಲ; ಪಿರಿಯಾಪಟ್ಟಣದ ಕಡೆ ಒಬ್ಬಿಬ್ಬರು ಇದ್ದರೂ ಇರಬಹುದು. ನನಗೆ ಈಜು ಬಾರದು. ಆದರೆ ಹಾಗೆಂದು ಎಂದೂ ಒಪ್ಪಿಕೊಂಡವನಲ್ಲ. ಲಕ್ಷ್ಮಣತೀರ್ಥ ಕೈಮುಗಿಯುವುದಕ್ಕೆ ಇರುವ ಹೊಳೆ, ಕಾಲಲ್ಲಿ ಒದೆಯುವುದಕ್ಕಲ್ಲ ಎಂದು ಹೇಳಿಕೊಂಡು ಐವತ್ತು ವರ್ಷ ದಡದಲ್ಲೇ ಕೂತಿದ್ದೇನೆ. ಲೋಯರ್ ಸೆಕೆಂಡರಿ ಪರೀಕ್ಷೆಗೆ ಮೂರು ಸಲ ಕೂತು ಮೂರು ಸಲವೂ ಹಾಗೇ ಎದ್ದು ಬಂದ ಮೇಲೆ, ಮಣ್ಣು ನಂಬಿದವನಿಗೆ ಇಂಗ್ಲಿಷು ಯಾಕೆ ಎಂದು ಜಗಲಿಯಲ್ಲಿ ಭಾಷಣ ಮಾಡಿದೆ. ಕೇಳಿದವರು ತಲೆದೂಗಿದರು. ಅವರ ಗೌರವ ಕಟ್ಟೆಮಳಲವಾಡಿ ನಾಲೆಯ ಕೆಳಗಿರುವ ನನ್ನ ಗದ್ದೆಯ ಮೇಲಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಇಂಥವನ ಕೈಗೆ ಒಂದು ಕಾರು ಬಂತು. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ವಿಲಾಯತಿಗೆ ಹೊರಟಾಗ ಅವನ ಹಳೇ ಕಾರನ್ನು ನಾನು ಕೊಂಡೆ. ಅವನ ಡ್ರೈವರ್ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ, ಅರ್ಧ ದಿನ ಪಾಠ ಹೇಳಿ, ಊಟ ಮಾಡಿ ಹೊರಟುಹೋದ. ಗೇರಿನ ಕೋಲಿಗೆ ಬಲಗಡೆ ಎರಡು ಮನೆ, ಎಡಗಡೆ ಎರಡು ಮನೆ. ಬಲಗಡೆಯವು ಎರಡನೇ ಗೇರು, ಮೂರನೇ ಗೇರು. ಅವುಗಳಿಂದ ನನಗೇನೂ ತೊಂದರೆಯಾಗಲಿಲ್ಲ. ಎಡಗಡೆಯ ವಿಚಾರವೇ ಬೇರೆ. ಅಲ್ಲಿ ಕೋಲನ್ನು ಹಿಂದಕ್ಕೆ ಎಳೆದರೆ ಒಂದನೇ ಗೇರು ಬಿದ್ದು ಕಾರು ಮುಂದಕ್ಕೆ ಹೋಗುತ್ತದೆ; ಮುಂದಕ್ಕೆ ತಳ್ಳಿದರೆ ಕಾರು ಹಿಂದಕ್ಕೆ ಹೋಗುತ್ತದೆ. ಹಗ್ಗ ಹಿಂದಕ್ಕೆ ಎಳೆದರೆ ಎತ್ತು ನಿಲ್ಲುತ್ತದೆ, ಸಡಿಲ ಬಿಟ್ಟರೆ ಮುಂದೆ ಹೋಗುತ್ತದೆ ಎಂದು ಹುಟ್ಟಿದಾಗಿನಿಂದ ನೋಡಿಕೊಂಡು ಬಂದವನಿಗೆ ಈ ದೊರೆಗಳ ತರ್ಕ ಹೇಗೆ ಹತ್ತಬೇಕು?

ಮೊದಲನೇ ದಿನ ಬೀದಿಯವರೆಲ್ಲ ಸೇರಿದ್ದರು. ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿ ಆಯಿತು. ಮುಂದೆ ಹೋಗಬೇಕಲ್ಲ ಎಂದು ಕೋಲನ್ನು ಎಡಗಡೆ ಮುಂದಕ್ಕೆ ತಳ್ಳಿದೆ. ಕಾರು ನಿಂಬೆಹಣ್ಣುಗಳನ್ನು ಹಾಗೇ ಬಿಟ್ಟು, ಹಿಂದೆ ಸರಿದು, ನಮ್ಮದೇ ಜಗಲಿಗೆ ಗುದ್ದಿ ನಿಂತಿತು. ನಾನು ಇಳಿದು ಮೀಸೆ ತಿರುವಿ, ಪೂಜೆಯಾದ ಮೇಲೆ ದೇವರಿಗೆ ಬೆನ್ನು ಹಾಕಬಾರದು, ನಾಲ್ಕು ಹೆಜ್ಜೆ ಹಿಂದಕ್ಕೇ ನಡೆಯಬೇಕು ಎಂದೆ. ಎಲ್ಲರೂ ಕೈಮುಗಿದರು. ಅಂದಿನಿಂದ ಮಾತ್ರ ನಾನು ಗೇರಿನ ಎಡಗಡೆಗೆ ಕೈ ಹಾಕಲಿಲ್ಲ. ಹಿಂದಕ್ಕೆ ಹೋಗಬೇಕಾದಾಗ ನಾಲ್ಕು ಆಳು ತಳ್ಳುತ್ತಿದ್ದರು. ಹೊರಡುವುದು ಎರಡನೇ ಗೇರಿನಲ್ಲೇ. ಕಾರು ಗಡಗಡ ನಡುಗಿ, ಸುಟ್ಟ ವಾಸನೆ ಹೊಡೆದು, ಕೊನೆಗೆ ಹೊರಡುತ್ತಿತ್ತು.

ಸಮನಾದ ರಸ್ತೆಯಲ್ಲಿ ಇದು ನಡೆಯಿತು. ಏರಿನಲ್ಲಿ ಎರಡನೇ ಗೇರಿಗೆ ಭಾರ ಎಳೆಯುವ ತಾಕತ್ತಿರಲಿಲ್ಲ. ಅಲ್ಲಿ ನನ್ನನ್ನು ಕಾಪಾಡಿದ್ದು ನಮ್ಮ ಬಂಡಿಯ ಪದ್ಧತಿ. ಏರು ಬಂದರೆ ಬಂಡಿಯಲ್ಲಿದ್ದವರು ಇಳಿದು ನಡೆಯುತ್ತಾರೆ. ಎತ್ತಿಗೆ ಅಷ್ಟಾದರೂ ದಯೆ ತೋರಿಸದವನನ್ನು ಯಾರೂ ಮನುಷ್ಯ ಎನ್ನುವುದಿಲ್ಲ. ನಾನು ಅದನ್ನೇ ಕಾರಿಗೂ ಹಚ್ಚಿದೆ. “ಏರು ಬಂತು, ಇಳೀರಿ. ಅದಕ್ಕೂ ದಣಿವಾಗ್ತದೆ” ಎಂದೆ. ನನ್ನ ತಾಯಿ, ಎಪ್ಪತ್ತು ದಾಟಿದವಳು, ಮರುಮಾತಿಲ್ಲದೆ ಇಳಿದಳು. ಹಿಂದೆಯೇ ನನ್ನ ಹೆಂಡತಿ ಪಾರ್ವತಿ ಇಳಿದಳು. ಮೊದಲು ನಮ್ಮ ಬಂಡಿ ಹೊಡೆಯುತ್ತಿದ್ದು, ಈಗ ಕಾರಿನ ಮೆಟ್ಟಿಲ ಮೇಲೆ ನಿಂತು ಬರುತ್ತಿದ್ದ ಕಾಳಯ್ಯ, ಕಾರು ಹಿಂದಕ್ಕೆ ಜಾರದ ಹಾಗೆ ಚಕ್ರಕ್ಕೆ ಕೊಡುವ ಕಲ್ಲು ಹಿಡಿದು ಹಾರಿದ. ಹಗುರವಾದ ಕಾರು ಎರಡನೇ ಗೇರಿನಲ್ಲೇ ಏರು ಹತ್ತಿತು. ಮೇಲೆ ಬಂದು ಸೇರಿದ ಅವ್ವ ಏದುಸಿರು ಬಿಡುತ್ತ ಕಾರಿನ ಮೂತಿ ಸವರಿ, “ದಣಿದ್ಯಾ ಮಗ?” ಎಂದಳು. ಎರಡು ವರ್ಷ ಹೀಗೇ ನಡೆಯಿತು. ಆಮೇಲಾಮೇಲೆ ನಾನು ಹೇಳಬೇಕಾಗಿಯೂ ಇರಲಿಲ್ಲ; ಏರು ಕಂಡರೆ ಅವರೇ ಇಳಿಯುತ್ತಿದ್ದರು.

ಅವ್ವನಿಗೆ ಇದ್ದ ಪ್ರಯಾಣ ಒಂದೇ, ರಾವಂದೂರಿನಲ್ಲಿದ್ದ ಅವಳ ಅಕ್ಕನ ಮನೆಗೆ. ಆ ದಾರಿಯಲ್ಲಿ ಮೂರು ಏರು. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಅವಳು, “ಇನ್ನು ನಾ ಬರಾಕಿಲ್ಲ ಕಣಪ್ಪ. ಮಂಡಿ ಕೇಳಾಕಿಲ್ಲ. ಅಕ್ಕನ್ನ ನೋಡಿದ್ದು ಸಾಕು ಬುಡು” ಎಂದಳು. ಆ ಅಕ್ಕನಿಗೆ ಎಂಬತ್ತರ ಹತ್ತಿರ. ಒಬ್ಬರನ್ನೊಬ್ಬರು ನೋಡಲು ಅವರಿಗೆ ಇನ್ನೆಷ್ಟು ಸಲ ಉಳಿದಿತ್ತು? ಆಗಲಾದರೂ ನನಗೆ ಒಂದನೇ ಗೇರು ಬರುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹುಣಸೂರಿನಲ್ಲಿ ಸ್ವಂತ ಕೈಯಲ್ಲಿ ಕಾರು ಬಿಡುವ ಯಜಮಾನ ಎಂಬ ಹೆಸರು ನನಗೆ ಅವಳ ಮಂಡಿಗಿಂತ ದೊಡ್ಡದಾಗಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಪಾರ್ವತಿಯ ತಮ್ಮ ಶಿವಣ್ಣ ಬಂದ. ಮೈಸೂರಿನಲ್ಲಿ ಓವರ್‌ಸಿಯರ್; ಲೋಕದ ಯಂತ್ರಗಳೆಲ್ಲ ತನ್ನ ಅಪ್ಪಣೆ ಕೇಳಿ ಓಡುತ್ತವೆ ಎಂದು ತಿಳಿದವನು. ಊಟಕ್ಕೆ ಕೂತಾಗ ಒಂದು ಇಂಗ್ಲಿಷ್ ಪತ್ರಿಕೆ ಬಿಚ್ಚಿ, “ಭಾವ, ಅಮೆರಿಕದಲ್ಲಿ ಒಂದು ಕಾರು ಬಂದದೆ. ಗೇರು ತಾನೇ ಬದಲಾಯಿಸ್ಕೊಳ್ತದಂತೆ. ಕೈ ಹಾಕೋ ಹಾಗೇ ಇಲ್ಲ” ಎಂದ.

ಬಾರದ ವಿದ್ಯೆಯ ಬಗ್ಗೆ ನನ್ನಷ್ಟು ಅಧಿಕಾರದಿಂದ ಮಾತಾಡುವವರು ಯಾರು? “ಗೇರು ತಾನೇ ಬೀಳೋದಾದ್ರೆ ಮನುಷ್ಯ ಯಾಕಪ್ಪ ಬೇಕು? ಅಂಥ ಕಾರಿನಲ್ಲಿ ಕೂರೋನು ಮೂಟೆ, ಯಜಮಾನನಲ್ಲ. ಎಂಜಿನ್ನಿನ ಕಷ್ಟ ಸುಖ ಅಂಗೈಗೆ ತಿಳೀಬೇಕು ಕಣೋ. ನಾಳೆ ಮುದ್ದೆ ಕೂಡ ತಾನೇ ಗಂಟಲಲ್ಲಿ ಇಳೀತದೆ ಅಂತೀಯ” ಎಂದೆ.

“ಅದು ಈಗಲೂ ತಾನೇ ಇಳೀತದಲ್ಲ ಭಾವ” ಎಂದ ಶಿವಣ್ಣ.

ಪಾರ್ವತಿ ಸಾರು ಬಡಿಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡಳು. ನನಗೆ ರೇಗಿತು. ಅದೇ ಹೊತ್ತಿಗೆ ರಾವಂದೂರಿನಿಂದ ಒಬ್ಬ ಆಳು ಬಂದು, ದೊಡ್ಡಮ್ಮನಿಗೆ ಮೈ ಸರಿಯಿಲ್ಲ, ತಂಗಿ ಒಂದು ಸಲ ಬಂದು ಮುಖ ತೋರಿಸಿ ಹೋಗಲಿ ಎಂದಿದ್ದಾರೆ ಎಂದ. ಅವ್ವ ಮಂಡಿಗೆ ಬಟ್ಟೆ ಸುತ್ತಿಕೊಂಡು ಎದ್ದೇಬಿಟ್ಟಳು. ಕೈಗೇರಿನ ಮಹಿಮೆ ತೋರಿಸುತ್ತೇನೆ ಬಾ ಎಂದು ಶಿವಣ್ಣನನ್ನೂ ಹತ್ತಿಸಿಕೊಂಡೆ. ಸಿಟ್ಟಿನಲ್ಲಿ ಆ ಮೂರು ಏರುಗಳು ನೆನಪಿಗೇ ಬರಲಿಲ್ಲ.

ಮೊದಲನೇ ಏರಿನ ಬುಡದಲ್ಲಿ ಕಾರು ನಿಂತಿತು. ಅವ್ವ ಇಳಿದಳು, ಪಾರ್ವತಿ ಇಳಿದಳು, ಕಾಳಯ್ಯ ಕಲ್ಲು ಹಿಡಿದು ಹಾರಿದ. ನನ್ನ ಪಕ್ಕದಲ್ಲಿ ಕೂತಿದ್ದ ಶಿವಣ್ಣ ಸುತ್ತ ನೋಡಿದ. “ಅತ್ತೆ, ಯಾಕೆ ಇಳಿದ್ರಿ?”

“ಏರು ಕಣಪ್ಪ. ಎತ್ತಿಗೆ ಮಾಡೋವಷ್ಟು ಇದಕ್ಕೂ ಮಾಡದಿದ್ರೆ ಪಾಪ ಬತ್ತದೆ.”

ಶಿವಣ್ಣ ನನ್ನ ಕಡೆ ತಿರುಗಿದ. “ಒಂದನೇ ಗೇರು ಹಾಕಿ ಭಾವ.”

“ಅದು ಕೆಟ್ಟಿದೆ.”

“ಯಾವಾಗಿಂದ?”

“ಕೊಂಡಾಗಿನಿಂದ.”

ಅವನು ನನ್ನ ಕಾಲಿನಿಂದ ಕ್ಲಚ್ಚು ಒತ್ತಿಸಿ, ತಾನೇ ಕೋಲನ್ನು ಎಡಕ್ಕೆ ತಂದು ಹಿಂದಕ್ಕೆ ಎಳೆದ. ಹೊಸದರ ಹಾಗೆ ಕಟಕ್ಕೆಂದು ಬಿತ್ತು. ಎರಡು ವರ್ಷದಲ್ಲಿ ಯಾರೂ ಮುಟ್ಟದ ಗೇರು ಸವೆಯುವುದಾದರೂ ಹೇಗೆ? “ಎಲ್ಲಾರೂ ಹತ್ತಿ. ಭಾವ, ನೀವು ಈ ಕಡೆ ಬನ್ನಿ, ನಾನು ಬಿಡ್ತೀನಿ” ಎಂದು ಅವನು ನನ್ನ ಜಾಗಕ್ಕೆ ಸರಿದ. ನಾನು ಇಳಿದು ಕಾರನ್ನು ಸುತ್ತಿ ಆ ಕಡೆಗೆ ಹೊರಟೆ. ಅಷ್ಟರಲ್ಲಿ ಅವ್ವ, ಪಾರ್ವತಿ ಒಳಗೆ ಕೂತಿದ್ದರು; ಕಾಳಯ್ಯ ಮೆಟ್ಟಿಲು ಹತ್ತಿ, ಏರಿಗೆ ಯಾರಾದರೂ ಇಳಿಯಲೇಬೇಕು, ಈ ಸಲ ಯಜಮಾನರೇ ಇಳಿದರಲ್ಲ ಎಂದುಕೊಂಡು, “ಹೂಂ, ನಡೀಲಿ ಬುದ್ಧಿ” ಎಂದ. ಶಿವಣ್ಣ ಹೊರಟೇಬಿಟ್ಟ. ಅವ್ವ, ಪಾರ್ವತಿ, ಕಾಳಯ್ಯ, ಅವನ ಕಲ್ಲು, ಎಲ್ಲವನ್ನೂ ಹೊತ್ತುಕೊಂಡು ಕಾರು ಒಂದಿಷ್ಟೂ ನಡುಗದೆ ಏರು ಹತ್ತಿತು. ಏರಿನ ನಡುವೆ ನಿಲ್ಲಿಸಬಾರದು ಎಂಬುದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಂದೆ ನಡೆದೆ. ಆ ಏರು ಅಷ್ಟು ಉದ್ದವಿದೆ ಎಂದು ನನಗೆ ಆವತ್ತಿನವರೆಗೆ ತಿಳಿದಿರಲಿಲ್ಲ.

ಮೇಲೆ ತಲುಪಿದಾಗ ಅವ್ವ ಕಾರಿನೊಳಗಿಂದಲೇ ಕೈ ಚಾಚಿ ನನ್ನ ಕೆನ್ನೆ ಸವರಿ, “ದಣಿದ್ಯಾ ಮಗ?” ಎಂದಳು. ಬೈದಿದ್ದರೆ ವಾಸಿಯಾಗಿತ್ತು. ನಾನು ತಲೆ ತಗ್ಗಿಸಿ, “ನಂಗೆ ಒಂದನೇ ಗೇರು ಹಾಕೋಕೆ ಬರಲ್ಲ ಕಣವ್ವ” ಎಂದೆ. ಜೀವಮಾನದಲ್ಲಿ ನನಗೆ ಬರುವುದಿಲ್ಲ ಎಂಬ ಮಾತು ಅದೇ ಮೊದಲು ನನ್ನ ಬಾಯಿಂದ ಬಂದದ್ದು. ಅವ್ವ ಕ್ಷಮಿಸಿದಳು. ಪಾರ್ವತಿ ಕ್ಷಮಿಸುವ ಪೈಕಿಯವಳಲ್ಲ. “ಎರಡು ವರ್ಷ ನಾವು ಇಳಿದಿದ್ದೀವಿ. ಇನ್ನೆರಡು ವರ್ಷ ನೀವು ಇಳೀರಿ” ಎಂದು ತೀರ್ಪು ಕೊಟ್ಟು ಕಿಟಕಿಯ ಕಡೆ ತಿರುಗಿದಳು.

ಶಿವಣ್ಣ ನಾಲ್ಕು ದಿನ ನಿಂತು ಕಾಳಯ್ಯನಿಗೆ ಕಾರು ಬಿಡುವುದನ್ನು ಕಲಿಸಿಹೋದ. ನನ್ನ ಕೈ ಈಗಲೂ ಎಡಗಡೆಗೆ ಹೋಗುವುದಿಲ್ಲ. ಕಾಳಯ್ಯನಿಗೆ ಎಂಜಿನ್ನಿನ ಉಸಿರು ಕೇಳಿದರೆ ಸಾಕು, ಕೋಲು ತನ್ನ ಮನೆಗೆ ಬೀಳುತ್ತದೆ. “ಜೋಡಿ ಎತ್ತು ಮಡಿಕ್ಕಂಡು, ಎಡಗಡೇದನ್ನ ಕಟ್ಟದೇನೇ ಬಂಡಿ ಹೊಡೆದೋರು ನೀವೊಬ್ರೇ ಬುದ್ಧಿ” ಎಂದು ಆಗಾಗ ಬಹಳ ಗೌರವದಿಂದ ಹೇಳುತ್ತಾನೆ. ದೊಡ್ಡಮ್ಮ ಚೇತರಿಸಿಕೊಂಡಿದ್ದಾಳೆ. ಅವ್ವ ತಿಂಗಳಿಗೆರಡು ಸಲ ರಾವಂದೂರಿಗೆ ಹೋಗುತ್ತಾಳೆ, ಮೂರು ಏರನ್ನೂ ಕೂತೇ ಹತ್ತುತ್ತಾಳೆ.

ಮೊನ್ನೆ ಶಿವಣ್ಣನ ಕಾಗದ ಬಂದಿತ್ತು. ಆ ಅಮೆರಿಕದ ಕಾರು ಈ ಕಡೆಗೂ ಬರಬಹುದು, ನಿಮಗೊಂದು ವಿಚಾರಿಸಲೇ ಭಾವ ಎಂದು ಕೇಳಿದ್ದ. ಬೇಡ ಎಂದು ಬರೆದೆ. ತಾನಾಗಿಯೇ ಕೆಲಸ ಮಾಡುವಂಥದ್ದು ನಮ್ಮ ಕಾರಿನಲ್ಲಿ ಈಗಾಗಲೇ ಒಂದಿದೆ. ಏರು ಕಂಡ ಕೂಡಲೆ, ಯಾರೂ ಮುಟ್ಟದೆ, ಯಾರೂ ಹೇಳದೆ, ಬಾಗಿಲು ತೆಗೆದುಕೊಂಡು ಕೆಳಗೆ ಇಳಿದು ನಡೆಯುತ್ತದೆ. ವಯಸ್ಸು ಮಾತ್ರ ಐವತ್ತೆರಡು.